ಕಾವಿಗೆ ಇಟ್ಟು ನೋಡಿ

ಬೈರಾಪಟ್ಟಣದ ಬೋರಮ್ಮ ಮೊಟ್ಟೆಯನ್ನು ಅಂಗೈಲಿಟ್ಟುಕೊಂಡೇ ಇದು ಕೆಂಚಿಯದು, ಇದು ಕರಿ ಹೇಂಟೆಯದು ಎಂದು ಹೇಳಿಬಿಡುವಾಕೆ. ಹಿತ್ತಲಲ್ಲಿ ಹದಿನೆಂಟು ಹೇಂಟೆ, ಮೆರೆಯಲು ಒಂದು ಹುಂಜ. ಮೊಟ್ಟೆಯೆಲ್ಲ ಚನ್ನಪಟ್ಟಣದ ಮುನೇಶನ ಅಂಗಡಿಗೆ. ಹೋದ ವರ್ಷ ಅವನು ಡಬ್ಬದ ಮೇಲೆ ಅವಳ ಫೋಟೋ ಹಾಕಿ ‘ಬೋರಮ್ಮನ ನಾಟಿ ಮೊಟ್ಟೆ’ ಎಂದು ಚೀಟಿ ಅಂಟಿಸಿದಾಗ, ಅಂಥ ಒಂದು ಚೀಟಿಯನ್ನು ತಂದು ಮನೆಬಾಗಿಲಿಗೇ ಮೆತ್ತಿಕೊಂಡಳು. ಅಷ್ಟು ಹೆಮ್ಮೆಯೂ ಬೇಡವೇ?

ಒಂದು ದಿನ ಕಬ್ಬಾಳಿನಿಂದ ಬೀಗಿತ್ತಿ ಮಾರಮ್ಮ ಬಂದಳು. ಬೋರಮ್ಮನ ಮಗಳು ಚೈತ್ರಾಳ ಅತ್ತೆ. ಮುನೇಶನ ಅಂಗಡಿಯಲ್ಲಿ ಕೊಂಡ ಡಬ್ಬವನ್ನು ಜಗಲಿಯ ಮೇಲಿಟ್ಟಳು.

“ನಿಮ್ ಮೊಕ ನೋಡಿ ತಕಂಡೆ ಕಣಕ್ಕ. ಹನ್ನೊಂದು ಕಾವಿಗಿಕ್ಕಿದ್ದೆ. ಒಂದೂ ಮರಿ ಆಗ್ನಿಲ್ಲ.”

ಇಪ್ಪತ್ತೊಂದು ದಿನ ಕಳೆದರೂ ಏಳದೆ ಕೂತ ಕೋಳಿ ಸೊರಗಿಹೋಗಿತ್ತಂತೆ. ಬೋರಮ್ಮ ಉಳಿದಿದ್ದ ಒಂದು ಮೊಟ್ಟೆಯನ್ನು ಕೈಗೆತ್ತಿಕೊಂಡಳು. ದಪ್ಪ, ಕಂದು. ತನ್ನ ಯಾವ ಕೋಳಿಯದೂ ಅಲ್ಲ. ಮಗಳು ಬಾಳುವ ಮನೆಯಲ್ಲಿ ತಾನು ಸುಳ್ಳಿಯಾದೆನಲ್ಲ ಎಂದು ಅವಳಿಗೆ ಅಳುವೇ ಬಂತು.

ಮಾರನೆಯ ಬೆಳಿಗ್ಗೆ ಅಂಗಡಿಗೇ ಹೋಗಿ ಕೇಳಿದಾಗ ಮುನೇಶ ಏನೂ ಮುಚ್ಚಿಡಲಿಲ್ಲ. ಹದಿನೆಂಟು ಕೋಳಿಯ ಮೊಟ್ಟೆ ಎಷ್ಟು ಡಬ್ಬ ತುಂಬೀತು? ಮಿಕ್ಕದ್ದೆಲ್ಲ ಫಾರಂನದು. ಕಂದು ಬಣ್ಣ ಬರೀ ತಳಿಯಿಂದ ಬರುವುದು, ಜನ ಅದನ್ನೇ ನಾಟಿ ಅಂದುಕೊಳ್ಳುತ್ತಾರೆ. ಅಲ್ಲಿ ಒಂದೊಂದು ಪಂಜರಕ್ಕೆ ನಾಲ್ಕೈದು ಕೋಳಿ, ರೆಕ್ಕೆ ಬಿಚ್ಚಲು ಜಾಗವಿಲ್ಲ. ಹುಂಜವೇ ಇಲ್ಲ, ಹುಂಜವಿಲ್ಲದೆಯೂ ಮೊಟ್ಟೆ ಇಡುತ್ತವೆ, ಮರಿ ಮಾತ್ರ ಆಗುವುದಿಲ್ಲ. ಬೈಯಲು ಹೋದ ಬೋರಮ್ಮನ ಕಣ್ಣ ಮುಂದೆ ಆ ಕೋಳಿಗಳೇ ಬಂದವು. ಮಣ್ಣು ಕೆದರದ, ಒಮ್ಮೆಯೂ ಕಾವಿಗೆ ಕೂರದ ಜೀವಗಳು. ಅವುಗಳ ಬಾಳಿನ ಮೇಲೆ ತನ್ನ ನಗುಮುಖ ಅಂಟಿತ್ತು.

ತಿನ್ನುವವರಿಗೆ ಏನು ಗೊತ್ತಾಗುತ್ತೆ ಬಿಡಮ್ಮ ಎಂದ ಮುನೇಶ.

“ತಿನ್ನೋರ್ಗೆ ಗೊತ್ತಾಗಕಿಲ್ಲ ಕಣಪ್ಪ. ಕಾವಿಗೆ ಕೂತಿದ್ದ ಕೋಳಿಗೆ ಗೊತ್ತಾಯ್ತಲ್ಲ,” ಎಂದಳು. ಅಂಗಡಿಯಲ್ಲಿದ್ದ ಚೀಟಿಗಳನ್ನೆಲ್ಲ ಕಿತ್ತುಕೊಂಡೇ ಹೊರಟಳು.

ತನ್ನ ಹಿತ್ತಲಿನ ಹನ್ನೊಂದು ಮೊಟ್ಟೆ ಆರಿಸಿ, ತೌಡಿನಲ್ಲಿಟ್ಟು, ಕಬ್ಬಾಳಿಗೆ ತಾನೇ ಹೊತ್ತೊಯ್ದಳು. ಆಮೇಲಿನ ಒಂದೊಂದು ದಿನವನ್ನೂ ಎಣಿಸಿದಳು. ಇಪ್ಪತ್ತೆರಡನೆಯ ದಿನ ಚೈತ್ರಾಳ ಫೋನು ಬಂತು. ಮಾತಿಗೆ ಮೊದಲೇ ಚಿಂವ್ ಚಿಂವ್. ಹಿಂದಿನಿಂದ ಮಾರಮ್ಮನ ದನಿ: “ಒಂಬತ್ತು ಆಗವೆ ಕಣಕ್ಕ!”

ಈಗ ಬೋರಮ್ಮ ಬಸ್ ಸ್ಟ್ಯಾಂಡಿನ ಬಳಿ ಕೂತು ತಾನೇ ಮಾರುತ್ತಾಳೆ. ಬುಟ್ಟಿಯ ಮುಂದಿನ ರಟ್ಟಿನಲ್ಲಿ ಫೋಟೋ ಇಲ್ಲ, ನಾಟಿ ಎಂಬ ಮಾತೂ ಇಲ್ಲ. ಅವಳು ಹೇಳಿ, ಚೈತ್ರಾ ಬರೆದುಕೊಟ್ಟದ್ದು ಇಷ್ಟೇ: ‘ಬೋರಮ್ಮನ ಮೊಟ್ಟೆ. ಕಾವಿಗೆ ಇಟ್ಟು ನೋಡಿ.’