ಅಕ್ಕ ಕಳಿಸಿದ ಕಲ್ಲು

ಅಕ್ಕ ಏನನ್ನೇ ನೋಡಲಿ, ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡುತ್ತಿದ್ದಳು. ಗೇಣಿನಾಚೆ ಅವಳಿಗೆ ಎಲ್ಲವೂ ಮಬ್ಬು. ದೂರದಿಂದ ಬರುವ ಮಾವನ ಗುರುತು ಹತ್ತದೆ ತಲೆಯ ಮೇಲೆ ಸೆರಗು ಎಳೆದುಕೊಳ್ಳಲಿಲ್ಲವೆಂದು ಗಂಡನ ಮನೆಯವರು ಮದುವೆಯಾದ ವರ್ಷದೊಳಗೆ ಅವಳನ್ನು ನಮ್ಮೂರು ಕಮಲಾಪುರಕ್ಕೆ ತಂದು ಬಿಟ್ಟರು.

ನಮ್ಮ ಮೆಟ್ಟಿಲುಬಾವಿಯ ಹಸಿರು ಕಂಡದ್ದು ಆ ಕಣ್ಣಿಗೇ. ಬಿಸಿಲು ಬೀಳದ ಗೋಡೆಯಲ್ಲಿ, ನೀರು ಜಿನುಗುವ ಕಲ್ಲಿಗೆ ಅದು ಚಪ್ಪಟೆಯಾಗಿ ಅಂಟಿಕೊಂಡಿರುತ್ತಿತ್ತು. ಕಾಂಡವಿಲ್ಲ, ಎಲೆಯಿಲ್ಲ, ಉಗುರಗಲದ ಪಟ್ಟಿ, ತುದಿಯಲ್ಲಿ ಎರಡಾಗಿ ಸೀಳಿದ್ದು, ಅಡಿಯಲ್ಲಿ ನೇರಳೆ ಬಣ್ಣ. ಊರವರಿಗೆ ಅದು ಬರೀ ಪಾಚಿ. ಬೇಸಗೆಯಲ್ಲಿ ಅಂಚು ಒಳಕ್ಕೆ ಸುರುಳಿಯಾಗಿ ಕಪ್ಪಗಾಗುತ್ತಿತ್ತು. ಅಕ್ಕ ಬೊಗಸೆ ನೀರು ಬಿಟ್ಟು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ತುಸು ಹೊತ್ತಿಗೆ ಅದು ಬಿಚ್ಚಿಕೊಂಡು ಹಸಿರಾಗುತ್ತಿತ್ತು.

"ಸತ್ತಿಲ್ಲೋ ತಮ್ಮಾ, ಸುಮ್ನ ಕಾಯ್ಲಾಕತ್ತದ."

ಅವ್ವ ತೀರಿದ ಮೇಲೆ ನಾನು ಕಲಬುರಗಿಯ ಗಂಜ್ ಪೇಟೆಯಲ್ಲಿ ತೊಗರಿ ಅಂಗಡಿ ಸೇರಿದೆ. ಹೊರಡುವಾಗ ಅಕ್ಕ ಅಂದಳು: "ನನಗ ಬರಿಯಾಕ ಬರಂಗಿಲ್ಲ. ಒಬ್ಬಾಕೀನೇ ಇರಾಕ ಆಗದಿದ್ರ ಬಾವಿ ಹಸರು ಹತ್ಕೊಂಡ ಕಲ್ಲೊಂದು ಕಳಸ್ತೀನಿ. ಬಂದು ಕರ್ಕೊಂಡು ಹೋಗು."

ಹೂಂ ಅಂದಿದ್ದೆ.

ಎರಡನೆಯ ವರ್ಷ, ಸುಗ್ಗಿಯ ಗದ್ದಲದಲ್ಲಿ, ನಮ್ಮೂರ ಗಾಡಿಯವನು ಬಟ್ಟೆಯಲ್ಲಿ ಸುತ್ತಿದ ಕಲ್ಲು ತಂದುಕೊಟ್ಟ. "ಅಕ್ಕಾರು ಕಳಸ್ಯಾರ್ರೀ. ಊರಾಗ ಬೆಲ್ಲ ತೀರ್ಯದೇನು ಮತ್ತ, ಕಲ್ಲು ಕಟ್ಯಾರ?"

ಅಂಗಡಿಯವರೆಲ್ಲ ನಕ್ಕರು.

"ಅಕಿಗಿ ಕಣ್ಣು ಕಾಣಂಗಿಲ್ಲ. ಬೆಲ್ಲ ಅಂತೇ ಕಟ್ಟಿರಬೇಕು" ಎಂದು ನಾನೂ ನಕ್ಕೆ.

ಕಲ್ಲಿನ ಮೇಲಿನ ಕಪ್ಪು ಸುರುಳಿ ನೋಡಿದ ಕೂಡಲೇ ನನಗೆ ತಿಳಿದಿತ್ತು. ಆಗ ನನಗೆ ಮದುವೆಗೆ ಹೆಣ್ಣು ಗೊತ್ತಾಗುವುದರಲ್ಲಿತ್ತು. ಗಂಡ ಬಿಟ್ಟ, ಕಣ್ಣು ಮಂದವಾದ ಅಕ್ಕ ಮನೆಯಲ್ಲಿದ್ದರೆ ಸಂಬಂಧ ತಪ್ಪೀತೆಂದು ಅಂಜಿದೆ. ಕಲ್ಲಿಗೆ ಒಂದು ಹನಿ ನೀರೂ ಹಾಕದೆ ಮೂಲೆಗೆ ಸರಿಸಿದೆ.

ತಿಂಗಳೊಪ್ಪತ್ತಿನಲ್ಲಿ ಅಕ್ಕ ಜ್ವರದಿಂದ ಹೋದಳು. ಮಣ್ಣು ಕೊಡಲು ಹೋದಾಗ ನೆರೆಮನೆಯ ಕಾಕಿ ನನ್ನ ತೋಳು ಹಿಡಿದಳು.

"ದಿನಾ ಊರ ಅಗಸಿ ಬಾಗಲದಾಗ ನಿಂದರತಿದ್ದಳೋ. ಬಂದ ಬಂದವರ ಮಕದ ತನಕ ಹೋಗಿ ನೋಡತಿದ್ದಳು, ನೀನೇನೋ ಅಂತ. ಕಲ್ಲು ಮುಟ್ಟಲಿಲ್ಲೇನು ನಿನಗ?"

ಗಾಡಿಯವನು ಅಲ್ಲೇ ನಿಂತಿದ್ದ.

"ಇಲ್ಲ" ಎಂದೆ.

ಕಾಕಿ ಅವನ ಕಡೆ ತಿರುಗಿ ಬಾಯಿಗೆ ಬಂದಂತೆ ಬೈದಳು. ಅವನು ನನ್ನನ್ನೊಮ್ಮೆ ನೋಡಿ, ತಲೆ ತಗ್ಗಿಸಿ, ಅಷ್ಟನ್ನೂ ಕೇಳಿಸಿಕೊಂಡ. ಅವನೂ ಈಗಿಲ್ಲ. ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ನಾನು ಕಲಿತದ್ದು ಮೂರೇ ವರ್ಷ. ಕನ್ನಡ ಆಮೇಲೆ ನಾನೇ ಕೂಡಿಸಿ ಕೂಡಿಸಿ ಕಲಿತೆ. ಈ ಒಂದು ಮಾತು ಬರೆಯಲು ಮಾತ್ರ ಇಷ್ಟು ಕಾಲ ಹಿಡಿಯಿತು: ಕಲ್ಲು ಮುಟ್ಟಿತ್ತು.