ತಪ್ಪು ಹೇಳುವ ಶನಿವಾರ

ಯಾರಾದರೂ ತಮ್ಮ ಜಾಣತನದ ಕಥೆ ತೆಗೆದರೆ ನಂದಿತಾಗೆ ಆಕಳಿಕೆ ಬರುತ್ತಿತ್ತು. ಅದೇ ಮನುಷ್ಯ ದನಿ ತಗ್ಗಿಸಿ, "ಮೇಡಂ, ಮೊನ್ನೆ ಒಂದು ಎಡವಟ್ಟಾಯ್ತು" ಎಂದರೆ ಸಾಕು, ಕುರ್ಚಿ ಎಳೆದುಕೊಂಡು ಕೂತುಬಿಡುತ್ತಿದ್ದಳು. ಬೈಯಪ್ಪನಹಳ್ಳಿಯ ರೈಲ್ವೆ ಗ್ಯಾಂಗ್‌ಮನ್ ರಾಮಯ್ಯನ ಮಗಳು ಅವಳು. ತೊಂಬತ್ತರ ದಶಕದ ನಡುವಿನಲ್ಲಿ ಇಂದಿರಾನಗರದ ಒಂದು ಕಂಪನಿಗೆ ಸೇರಿದಳು. ಆಸ್ಪತ್ರೆ, ಕಾರ್ಖಾನೆ, ಗೋದಾಮುಗಳ ವಿವರಗಳನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿಡುವ ಡೇಟಾಬೇಸ್ ಎಂಬ ತಂತ್ರಾಂಶವನ್ನು ಹಾಕಿಕೊಡುವುದು, ಕೆಟ್ಟರೆ ಸರಿಮಾಡುವುದು, ಬಳಸುವವರಿಗೆ ಕಲಿಸುವುದು ಆ ಕಂಪನಿಯ ಕಸುಬು. ಕಲಿಸುವ ಪಾಲು ನಂದಿತಾಳದು.

ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಕಂಪನಿಯ ಹಾಲ್‌ನಲ್ಲಿ ಬಳಕೆದಾರರ ಕೂಟ ಸೇರುತ್ತಿತ್ತು. ಮೊದಮೊದಲು ಅದು ಬರೀ ಜಂಬದ ಸಂತೆ. ಒಬ್ಬೊಬ್ಬರೂ ತಾವೆಷ್ಟು ಚುರುಕು ಎಂದು ಕೊಚ್ಚಿಕೊಂಡು, ಬಿಸ್ಕತ್ತು ತಿಂದು ಮನೆಗೆ ಹೋಗುತ್ತಿದ್ದರು. ನಿಜವಾದ ಪಾಠ ನಡೆಯುತ್ತಿದ್ದದ್ದು ಆಮೇಲೆ, ಟೀ ಲೋಟ ಹಿಡಿದು ಮೂಲೆಗೆ ಬಂದು ಪಿಸುಗುಟ್ಟುವವರ ಬಾಯಲ್ಲಿ. ಅದನ್ನು ಕಂಡು ನಂದಿತಾ ಒಂದು ಪದ್ಧತಿ ತಂದಳು. ಆ ತಿಂಗಳು ಏನು ಕೆಡಿಸಿದೆವು, ಹೇಗೆ ಸರಿಮಾಡಿದೆವು ಎಂದು ಎದ್ದು ನಿಂತು ಹೇಳಬೇಕು. ಯಾರೂ ನಗಬಾರದು. ಕೇಳಿದ್ದು ಬಾಗಿಲು ದಾಟಬಾರದು. ಇಷ್ಟೇ. ಹಾಲ್ ತುಂಬತೊಡಗಿತು. ನಿಂತು ಕೇಳುವಷ್ಟು ಜನ. ನಂದಿತಾಗೆ ಒಳಗೊಳಗೇ ಬಹಳ ಹೆಮ್ಮೆ, ಅದನ್ನು ಮುಚ್ಚಿಡಲು ಅವಳಿಗೆ ಬರುತ್ತಲೂ ಇರಲಿಲ್ಲ.

"ಯಾರ್ಯಾರ ಪಾಪಾನೋ ಹೊತ್ಕೊಂಡ್ ಬರ್ತೀಯಲ್ಲೇ, ಭಾನುವಾರನಾದ್ರೂ ಇಳಿಸೇ" ಎಂದು ತಾಯಿ ಅಂಜಿನಮ್ಮ ಗೊಣಗುತ್ತಿದ್ದರು.

ಅದು ಎರಡು ಸಾವಿರದ ಐದರ ದಸರಾ ಕಳೆದ ಶನಿವಾರ. ಅಂಜನಮೂರ್ತಿ ಎದ್ದು ನಿಂತರು. ಕೆ.ಆರ್. ಪುರದ ಶೀತಲಗೃಹವೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಮಧ್ಯವಯಸ್ಸಿನ ಮನುಷ್ಯ. ಯಾವ ರೈತನ ಹುಣಸೆಹಣ್ಣು, ಮೆಣಸಿನಕಾಯಿ ಯಾವ ಕೋಣೆಯ ಯಾವ ಸಾಲಿನಲ್ಲಿದೆ ಎಂಬುದೆಲ್ಲ ಅಲ್ಲಿನ ಡೇಟಾಬೇಸ್‌ನಲ್ಲಿತ್ತು.

"ಆಯುಧಪೂಜೆ ದಿನ ಲಾರಿ, ತಕ್ಕಡಿ ಎಲ್ಲ ತೊಳೆಸಿದ್ರು ಮೇಡಂ. ಕಂಪ್ಯೂಟರ್‌ಗೂ ಪೂಜೆ ಆಗ್ಲಿ ಅಂದ್ರು ಯಜಮಾನ್ರು. ನಾನು ಡೇಟಾಬೇಸ್ ನಿಲ್ಲಿಸ್ದೇನೇ ಸ್ವಿಚ್ ಆರಿಸ್ಬಿಟ್ಟೆ. ಅರಿಶಿನ ಕುಂಕುಮ ಇಟ್ಟು, ಬೂದುಗುಂಬಳ ಒಡ್ದು, ಮತ್ತೆ ಹಾಕಿದ್ರೆ ಎದ್ದೇಳ್ಲೇ ಇಲ್ಲ."

ನಕಲು ತೆಗೆದಿಡುವ ಟೇಪಿನಲ್ಲೂ ಹೊಸದೇನೂ ಇರಲಿಲ್ಲ. ಅಂಜನಮೂರ್ತಿ ದಿನವೂ ಭಕ್ತಿಯಿಂದ ಟೇಪ್ ಬದಲಿಸುತ್ತಿದ್ದರು, ಅದರಲ್ಲಿ ಏನಾದರೂ ಬರೆದಿದೆಯೇ ಎಂದು ಮಾತ್ರ ನೋಡಿರಲಿಲ್ಲ. ಹಳೆಯ ನಕಲನ್ನೇ ಹಾಕಿ, ಕಂಬಳಿ ಹೊದ್ದು ಕೊರೆಯುವ ಕೋಣೆಗಳಿಗೆ ಹೋಗಿ, ಮೂಟೆಗಳಿಗೆ ಕಟ್ಟಿದ್ದ ಚೀಟಿ ಓದಿ ಓದಿ ಕಳೆದುಹೋದದ್ದನ್ನು ಮತ್ತೆ ಸೇರಿಸಿದ್ದರು. ಚೀಟಿ ನೆನೆದು ಅಳಿಸಿಹೋದ ಕಡೆ ಅಂದಾಜಿನ ಮೇಲೆ ಹೆಸರು ಹಾಕಿದ್ದರು.

ಯಾರೂ ನಗಲಿಲ್ಲ. ನಂದಿತಾ ಅಂದಿನ ಪಾಠವನ್ನೆಲ್ಲ ಅದರ ಮೇಲೆಯೇ ಮಾಡಿದಳು. ಟೇಪನ್ನು ನಂಬಬೇಡಿ, ಅದರಿಂದ ಒಮ್ಮೆ ವಾಪಸ್ ತೆಗೆದು ನೋಡಿ ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಟೀ ಹೊತ್ತಿಗೆ ಅಂಜನಮೂರ್ತಿ ಹತ್ತಿರ ಬಂದರು. "ಯಜಮಾನ್ರಿಗೆ ಗೊತ್ತಿಲ್ಲ ಮೇಡಂ. ಗೊತ್ತಾದ್ರೆ ಕೆಲ್ಸ ಹೋಗುತ್ತೆ."

"ಈ ಬಾಗಿಲು ದಾಟಲ್ಲ ಮೂರ್ತಿ ಸಾರ್. ಧೈರ್ಯವಾಗಿರಿ."

ಆ ವರ್ಷ ಕಂಪನಿ ಹೊಸ ಸರಕೊಂದನ್ನು ಮಾರಲು ಹೊರಟಿತ್ತು. ಯಂತ್ರ, ತಂತ್ರಾಂಶ, ನಕಲು ತೆಗೆಯುವ ವ್ಯವಸ್ಥೆ ಎಲ್ಲವೂ ಒಂದರೊಳಗೇ ಇರುವ ಕಪ್ಪು ಪೆಟ್ಟಿಗೆ. ಮಾರಾಟದ ಮುಖ್ಯಸ್ಥ ಹೊರಮಾವಿನ ಕೆಂಪರಾಜ್. ತಮಾಷೆಯ ಮನುಷ್ಯ, ಯಾರ ಬಗ್ಗೆಯೂ ಕೇಡು ಬಗೆಯುವವನಲ್ಲ. ಆದರೆ ಮಾರುವ ಹುಚ್ಚು ಹತ್ತಿದರೆ ಹಿಂದೆ ಮುಂದೆ ನೋಡುತ್ತಿರಲಿಲ್ಲ.

"ನಂದಿತಾ, ನಿಮ್ ಕೂಟದಲ್ಲಿ ಯಾರೋ ಆಯುಧಪೂಜೆಗೆ ಎಲ್ಲಾ ಕಳ್ಕೊಂಡ್ರಂತೆ. ಯಾರ್ರೀ ಅದು?"

"ಹೇಳಲ್ಲ."

"ಅಯ್ಯೋ, ನಾನೇನು ಪೊಲೀಸಾ? ಅವ್ರ ಯಜಮಾನ್ರ ಹತ್ರ ಹೋಗಿ, ನೋಡಿ ಸಾರ್, ನಮ್ ಪೆಟ್ಟಿಗೆ ಇದ್ದಿದ್ರೆ ಹಿಂಗಾಗ್ತಿರ್ಲಿಲ್ಲ ಅಂತೀನಿ ಅಷ್ಟೇ. ತರಬೇತಿ ವಿಭಾಗಕ್ಕೆ ಮುಖ್ಯಸ್ಥರನ್ನ ಬೇರೆ ಹುಡುಕ್ತಾ ಇದಾರೆ. ಒಂದ್ ಮಾತು ಹೇಳಿದ್ರೆ ನಿಮಗೂ ಒಳ್ಳೇದು."

"ಹೇಳಲ್ಲ ಅಂದ್ನಲ್ಲ ಕೆಂಪರಾಜ್."

ಮುಖ್ಯಸ್ಥರ ಸ್ಥಾನಕ್ಕೆ ಬೇರೆಯವರು ಬಂದರು. ಶನಿವಾರದ ಹಾಲ್ ಬೇರೆ ಕೆಲಸಕ್ಕೆ ಬೇಕಾಯಿತು. ನಂದಿತಾಗೆ ಹೊಟ್ಟೆ ಉರಿಯಿತು, ಇಲ್ಲವೆಂದರೆ ಸುಳ್ಳಾದೀತು. ಆದರೂ ಒಂದು ಬಗೆಯ ಸಮಾಧಾನವಿತ್ತು. ಅವಳ ಗೆಳತಿ ಹಮೀದಾ ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯ ಮಹಡಿಯಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದಳು. ಕೂಟ ಅಲ್ಲಿಗೆ ಹೋಯಿತು. ಕೆಳಗಿನ ಕುರಿಮಾಂಸದಂಗಡಿಯ ಗದ್ದಲದ ನಡುವೆ ಜನ ಇನ್ನೂ ಹತ್ತಿರ ಹತ್ತಿರ ಕೂತು ತಪ್ಪು ಹೇಳಿಕೊಂಡರು. ಆದರೆ ಹಮೀದಾಳ ಬಾಯಿ ಸುಮ್ಮನಿರುವಂಥದ್ದಲ್ಲ. ಯಾರದೋ ಹೆಸರು ಹೇಳದ್ದಕ್ಕೆ ನಂದಿತಾಗೆ ಹಾಲ್ ಹೋಯಿತು, ಬಡ್ತಿಯೂ ಹೋಯಿತು ಎಂದು ಅಂಜನಮೂರ್ತಿಯ ಮುಂದೆಯೇ ಹೇಳಿಬಿಟ್ಟಳು. ಯಾರ ಹೆಸರು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಾಯಿತು.

ಮುಂದಿನ ತಿಂಗಳು ಅಂಜನಮೂರ್ತಿ ಬರಲಿಲ್ಲ. ಒಂದು ಬೆಳಿಗ್ಗೆ ಕೆಂಪರಾಜ್ ಹಲ್ಲು ಕಿರಿಯುತ್ತ ಬಂದ. ಕೆ.ಆರ್. ಪುರದ ಶೀತಲಗೃಹದ ಯಜಮಾನರು ತಾವಾಗಿಯೇ ಫೋನ್ ಮಾಡಿ ಪೆಟ್ಟಿಗೆ ಬೇಕೆಂದಿದ್ದರು. ಕಲಿಸಲು ನಂದಿತಾ ಹೋಗಬೇಕಿತ್ತು.

ಹೋಗಿ ನೋಡಿದರೆ ಕಂಪ್ಯೂಟರ್ ಮುಂದೆ ಯಾರೋ ಹೊಸಬರು. ಅಂಜನಮೂರ್ತಿ ಅಂಗಳದಲ್ಲಿ ತಕ್ಕಡಿಯ ಹತ್ತಿರ ನಿಂತು ಮೂಟೆ ತೂಗಿಸುತ್ತಿದ್ದರು.

"ನೀವೇ ಹೇಳ್ಬಿಟ್ರಾ ಸಾರ್?" ಅವಳಿಗೆ ಸಿಟ್ಟೇ ಬಂತು. "ನಾನು ಯಾಕೆ ಬಾಯಿ ಮುಚ್ಕೊಂಡಿದ್ದೆ ಹಾಗಾದ್ರೆ?"

"ನನಗೋಸ್ಕರ ನೀವು ಕಳ್ಕೊಂಡ್ರಿ ಅಂತ ಗೊತ್ತಾದ್ಮೇಲೆ ಅನ್ನ ಇಳೀಲಿಲ್ಲ ಮೇಡಂ" ಎಂದರು ಅವರು, ತಕ್ಕಡಿಯ ಮುಳ್ಳನ್ನು ನೋಡುತ್ತಲೇ.

ನಂದಿತಾ ನೇರವಾಗಿ ಯಜಮಾನರ ಕೋಣೆಗೆ ಹೋದಳು. ಮುನಿನಾರಾಯಣಪ್ಪ ಒಂದು ಕಾಲಕ್ಕೆ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದವರು. ಅವಳು ಕೂರಲೂ ಇಲ್ಲ.

"ಸಾರ್, ಒಂದು ತಪ್ಪಿಗೆ ಅಂಥವರನ್ನ ತಕ್ಕಡಿಗೆ ಹಾಕೋದಾ? ಅವರಷ್ಟು ಕಷ್ಟಪಟ್ಟು ಸರಿಮಾಡೋರು ನಿಮಗೆ ಸಿಗಲ್ಲ."

"ಕೂತ್ಕೋ ಬಾಮ್ಮ" ಎಂದರು ಮುದುಕರು. "ತಪ್ಪು ಮಾಡಿದ್ದಕ್ಕಲ್ಲ ಕಣಮ್ಮ. ಸ್ವಿಚ್ ಆರಿಸು ಅಂದೋನು ನಾನೇ. ಹೊಸಕೋಟೆ ಕಡೆ ರೈತ ಒಬ್ಬ ಬಂದು, ಸ್ವಾಮಿ ಇದು ನನ್ ಹುಣಸೆಹಣ್ಣಲ್ಲ, ನಂದು ಇದಕ್ಕಿಂತ ಚೆನ್ನಾಗಿತ್ತು ಅಂತ ಕಣ್ಣಲ್ಲಿ ನೀರಾಕ್ದ. ಕಂಪ್ಯೂಟ್ರು ಸುಳ್ ಹೇಳುತ್ತೇನಯ್ಯಾ ಅಂತ ನಾನೇ ಬೈದು ಕಳಿಸ್ದೆ. ಮೂರ್ತಿ ಪಕ್ಕದಲ್ಲೇ ನಿಂತಿದ್ದ, ಬಾಯಿ ಬಿಡ್ಲಿಲ್ಲ. ಈಗ ಆ ರೈತನ್ನ ಎಲ್ಲಿ ಅಂತ ಹುಡುಕ್ಲಿ? ಯಾವ ಮುಖ ಹೊತ್ಕೊಂಡ್ ಹೋಗ್ಲಿ?"

ನಂದಿತಾ ಕುರ್ಚಿ ಎಳೆದುಕೊಂಡು ಕೂತಳು.

"ಅಷ್ಟು ಜನದ ಎದುರಿಗೆ ನಿಮ್ಮತ್ರ ಹೇಳಿದ್ನಂತೆ. ಎಲ್ಲಾ ಚಪ್ಪಾಳೆ ತಟ್ಟಿದ್ರಂತೆ. ಹೋಗಿ ನಿಮ್ ಯಜಮಾನಂಗೂ ಹೇಳಪ್ಪಾ ಅಂತ ಒಬ್ರೂ ಹೇಳ್ಲಿಲ್ವೇನಮ್ಮಾ?"

ಅವರ ದನಿಯಲ್ಲಿ ಕೋಪವಿರಲಿಲ್ಲ. ನಂದಿತಾಗೆ ಆಗ ಹೊಳೆಯಿತು. ಇಷ್ಟು ವರ್ಷ ತಾನು ಕಟ್ಟಿದ ಕೂಟ ಜನರ ಎದೆ ಹಗುರ ಮಾಡಿ ಕಳಿಸುತ್ತಿತ್ತು, ಹಗುರಾದವರು ಮತ್ತೆ ಬಾಯಿ ತೆರೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅವಳಿಗೆ ಆ ಕಾಣದ ರೈತನದೇ ಯೋಚನೆ. ನಾಚಿಕೆಯಿಂದ ಮುಖ ಬಿಸಿಯಾಗಿತ್ತು.

ಮುಂದಿನ ಶನಿವಾರ ಶಿವಾಜಿನಗರದ ಮಹಡಿ ಎಂದಿನಂತೆ ತುಂಬಿತ್ತು. ಮೊದಲು ಎದ್ದವಳು ಭವ್ಯ, ಒಂದು ನರ್ಸಿಂಗ್ ಹೋಮಿನಲ್ಲಿ ಡೇಟಾಬೇಸ್ ನೋಡಿಕೊಳ್ಳುವವಳು. ಇಬ್ಬರು ರೋಗಿಗಳ ರಕ್ತಪರೀಕ್ಷೆಯ ವಿವರ ತನ್ನ ಕೈತಪ್ಪಿನಿಂದ ಅದಲುಬದಲಾದದ್ದು, ಮರುದಿನ ಕಂಡು ಸರಿಮಾಡಿದ್ದು, ಎಲ್ಲವನ್ನೂ ಚೆನ್ನಾಗಿ ವಿವರಿಸಿದಳು. ಜನ ಚಪ್ಪಾಳೆಗೆ ಕೈ ಎತ್ತಿದರು.

"ಡಾಕ್ಟರ್‌ಗೆ ಹೇಳಿದ್ರಾ ಭವ್ಯ?" ಎಂದಳು ನಂದಿತಾ.

ಕೈಗಳು ಅಲ್ಲಲ್ಲೇ ನಿಂತವು.

"ಇಲ್ಲ ಮೇಡಂ... ಇಲ್ಲಿ ಹೇಳಿದ್ದು ಆಚೆ ಹೋಗಲ್ಲ ಅಂತ ತಾನೇ ನೀವು..."

"ಹೌದು, ನಾನೇ ಹೇಳಿದ್ದೆ. ನಾನು ಯಾರಿಗೂ ಹೇಳಲ್ಲ. ನೀವು ಹೇಳ್ಬೇಕು. ಕೆಳಗೆ ಫೋನಿದೆ, ಮಾಡ್ಬಿಟ್ಟು ಬನ್ನಿ. ಕಾಯ್ತೀವಿ."

ಭವ್ಯ ಎಲ್ಲರ ಮುಖ ನೋಡಿದಳು. ಒಬ್ಬರೂ ಅವಳ ಕಡೆ ನೋಡಲಿಲ್ಲ. ಬ್ಯಾಗ್ ಎತ್ತಿಕೊಂಡು ಮೆಟ್ಟಿಲಿಳಿದಳು. ಅವಳು ಹೋದದ್ದು ಫೋನಿಗೋ ಬಸ್ ನಿಲ್ದಾಣಕ್ಕೋ ತಿಳಿಯದೆ, ನಂದಿತಾ ಪಾಠ ಶುರುಮಾಡದೆ ಬಾಗಿಲು ನೋಡುತ್ತ ಕೂತಳು.