ರಂಗಿರಿರಿಯಲ್ಲಿ ಇಟ್ಟ ಎಡೆ

ಕಳೆದ ಏಪ್ರಿಲ್‌ನ ಒಂದು ಶನಿವಾರ ಮಧ್ಯಾಹ್ನ ನಾನು ರಂಗಿರಿರಿಯಲ್ಲಿ, ಇಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಹಳೆಯ ಕೋಟೆಯ ಮಣ್ಣುದಿಬ್ಬದ ಮೇಲೆ, ವೈಕಾಟೊ ನದಿಗೆ ಮುಖ ಮಾಡಿ ನಿಂತಿದ್ದೆ. ಪುಕೆಕೊಹೆಯ ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಪ್ರವೇಶಕ್ಕೆ ದುಡ್ಡಿಲ್ಲ. ಗಾಳಿ ಕಿವಿ ಕೊರೆಯುತ್ತಿತ್ತು.

ತಮಗೊಬ್ಬ ರಾಜನನ್ನು ಆರಿಸಿಕೊಂಡಿದ್ದ ಮಾವೊರಿಗಳು, ಮಣಿಸಲು ಬಂದ ಬ್ರಿಟಿಷ್ ಸೇನೆಯನ್ನು 1863ರಲ್ಲಿ ಇಲ್ಲಿ ತಡೆದರು. ಮರುದಿನ ಬೆಳಿಗ್ಗೆ ಮಾತುಕತೆಗೆಂದು ಬಿಳಿ ಬಾವುಟ ಎತ್ತಿದರಂತೆ. ಸೇನೆ ಅದನ್ನು ಶರಣಾಗತಿ ಎಂದುಕೊಂಡು ಅವರನ್ನು ಸೆರೆಹಿಡಿಯಿತು. ವೈಕಾಟೊ ಬಯಲಿನ ದಾರಿ ಸೇನೆಗೆ ಹಾಗೆ ತೆರೆಯಿತು.

ಇದನ್ನು ಹಾವೇರಿ ಕಡೆಯಿಂದ ಬಂದು ನಮ್ಮ ಜೊತೆಗಿದ್ದ ದೊಡ್ಡವ್ವನಿಗೆ ಹೇಳಿ ತಿರುಗುವಷ್ಟರಲ್ಲಿ ಅವಳು ಕಂದಕದ ಅಂಚಿನಲ್ಲಿ ಕಾಗದ ಹಾಸಿ ಮೊಸರನ್ನ ಇಟ್ಟಿದ್ದಳು. ಅವಳು ಹುಟ್ಟುವ ಮೊದಲೇ ಅವಳಪ್ಪ ನಮ್ಮ ಸ್ವಾತಂತ್ರ್ಯದ ಹೋರಾಟದಲ್ಲಿ ಗುಂಡೇಟಿಗೆ ಸತ್ತಿದ್ದ. ಹೆಣ ಮನೆಗೆ ಬರಲೇ ಇಲ್ಲ.

"ಅಪ್ಪಗೂ ಆತು, ಇವ್ರಿಗೂ ಆತು. ಕಾಗಿ ಮುಟ್ಟೂತನಕ ಸುಮ್ನ ನಿಂದರು ತಮ್ಮಾ."

ಆ ಜಾಗ ನೋಡಿಕೊಳ್ಳುವ ಮೆರೆ ಎಂಬ ಮಾವೊರಿ ಹೆಂಗಸು ಬಂದರು. "ಆಂಟಿ ಒಳ್ಳೆ ಮನಸ್ಸಿಂದ ಇಟ್ಟಿದ್ದಾರೆ, ಗೊತ್ತಾಗುತ್ತೆ. ಆದರೆ ಇದು ಸತ್ತವರ ಜಾಗ. ಇಲ್ಲಿಗೆ ಅನ್ನ ತರಬಾರದು," ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಕಾಗೆಯ ವಿಷಯ ವಿವರಿಸಿದೆ. "ಈ ಕಡೆ ಕಾಗೆಯೇ ಇಲ್ಲ, ಎಲ್ಲಿಂದ ತರೋಣ? ಕಪ್ಪು-ಬಿಳಿ ಮ್ಯಾಗ್‌ಪೈ ಹಕ್ಕಿಗಳಿವೆ. ಅವು ಅನ್ನ ಬಿಟ್ಟು ನಿಮ್ಮ ತಲೆ ಕುಕ್ಕುತ್ತವೆ."

ದೊಡ್ಡವ್ವನಿಗೆ ಇದನ್ನು ಹೇಗೆ ಹೇಳುವುದು? ಕಾಗೆ ಮುಟ್ಟುವ ಮೊದಲೇ ಎಡೆ ಎತ್ತಿದರೆ, ಅವಳ ಪಾಲಿಗೆ ಅಪ್ಪ ಮುಖ ತಿರುಗಿಸಿದಂತೆ. ಕೊನೆಗೆ, ಇಲ್ಲಿ ಅನ್ನ ಇಡಬಾರದಂತೆ ಎಂದು ಹೇಳಿದೆ.

"ಮಡಿ ಏನು?" ಎಂದಳು.

"ಹಂಗ ಅನ್ನು."

"ಮತ್ತ ಸತ್ತೋರಿಗೆ ಇವ್ರು ಏನ್ ಕೊಡ್ತಾರ, ಕೇಳು."

"ಕರೆದು ಮಾತಾಡಿಸುತ್ತೇವೆ," ಎಂದರು ಮೆರೆ. "ಅವರೂ ಕರೆಯಲಿ."

ದೊಡ್ಡವ್ವ ನದಿಯ ಕಡೆ ತಿರುಗಿ, "ನಿಂಗಪ್ಪಾ," ಎಂದು ಅಪ್ಪನನ್ನು ಹೆಸರು ಹಿಡಿದು ಕರೆದಳು. ಆಮೇಲೆ, "ಎಪ್ಪಾ, ಸಿಟ್ಟಾಗಬ್ಯಾಡ." ಒಂದು ಅಗುಳೂ ಉಳಿಯದಂತೆ ಅನ್ನವನ್ನು ತಾನೇ ಡಬ್ಬಿಗೆ ತುಂಬಿದಳು. ಗೇಟಿನ ಬಳಿ ಮೆರೆ ನಮ್ಮ ಕೈಗಳಿಗೆ ನೀರು ಹಾಕಿದರು. "ಮಸಣದಿಂದ ಬಂದು ನಾವೂ ಹಿಂಗ ತೊಳಕೋತೀವಿ," ಎಂದಳು ದೊಡ್ಡವ್ವ. ದಾರಿಯುದ್ದಕ್ಕೂ ಡಬ್ಬಿ ಅವಳ ಮಡಿಲಲ್ಲೇ ಇತ್ತು.

ಅದೇ ಅನ್ನವನ್ನು ನಮ್ಮ ಹಿತ್ತಲಲ್ಲಿ ಇಟ್ಟಳು. ಗುಬ್ಬಿಗಳು ತಿಂದವು.

"ಗುಬ್ಬಿ ತಿಂದ್ರ ಅಪ್ಪಗ ಮುಟ್ಟತೈತೇನು?"

ಹಾಗೆ ಕೇಳಿ ಅವಳು ಖಾಲಿ ಡಬ್ಬಿ ತೊಳೆಯಲು ಹೋದಳು.

ರಂಗಿರಿರಿಯ ಯುದ್ಧ ಕಂಡವರು ಈಗ ಯಾರೂ ಇಲ್ಲ. ಆ ಎಡೆ ಎತ್ತಿದ್ದನ್ನು ಕಂಡವರು ಇದ್ದೇವೆ: ಮೆರೆ, ನಾನು, ಮತ್ತು ಈಗಲೂ ದಿನಾ ಸಂಜೆ ಹಿತ್ತಲ ಬಾಗಿಲು ತೆರೆದು, ಕಾಗೆ ಬಂತೇ ಎಂದು ಆಕಾಶ ನೋಡುವ ದೊಡ್ಡವ್ವ.